ಫೋಟೊ ನೋಡಿ ರೋಗಕ್ಕೆ ಹೆಸರಿಡಬೇಡಿ

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬೆಳೆಗಾರರ ಒಂದು ಗುಂಪಿನಲ್ಲಿ ಯಾರೋ ಟೊಮೆಟೊ ಎಲೆಯ ಫೋಟೊ ಹಾಕಿದ್ದರು. ಕಪ್ಪು ಚುಕ್ಕೆ, ಸುತ್ತ ಹಳದಿ, ಅಷ್ಟೇ ಕಾಣುತ್ತಿತ್ತು. ಎಲೆಯ ಹಿಂಭಾಗ ಇಲ್ಲ, ಕಾಂಡ ಇಲ್ಲ, ಕಾಯಿ ಇಲ್ಲ, ಪಕ್ಕದ ಗಿಡ ಹೇಗಿದೆ ಅನ್ನೋದೂ ಇಲ್ಲ. ಅಷ್ಟರಲ್ಲಿ ಉತ್ತರಗಳು ಬಂದೇಬಿಟ್ಟವು. ಒಬ್ಬರು ಅಂಗಮಾರಿ ಎಂದರು, ಇನ್ನೊಬ್ಬರು ಎಲೆಚುಕ್ಕೆ ಎಂದರು, ಮತ್ತೊಬ್ಬರು ಹೆಸರು ಹೇಳುವ ಗೋಜಿಗೂ ಹೋಗದೆ ನೇರವಾಗಿ ಔಷಧಿ ಬರೆದರು. ಅಷ್ಟು ಜನರಲ್ಲಿ ಒಬ್ಬರಾದರೂ "ಎಲೆ ತಿರುಗಿಸಿ ನೋಡಿದಿರಾ?" ಎಂದು ಕೇಳಲಿಲ್ಲ. ಬಂದ ಔಷಧಿಗಳಲ್ಲಿ ಹೆಚ್ಚಿನವು ಶಿಲೀಂಧ್ರನಾಶಕಗಳು. ಅದು ಬ್ಯಾಕ್ಟೀರಿಯಾ ಆಗಿದ್ದರೆ ಅವುಗಳಲ್ಲಿ ಬಹುಪಾಲು ನೀರು ಹೊಡೆದಷ್ಟೇ ಪ್ರಯೋಜನ.

ನಾನು ದಿನವಿಡೀ ಏನು ಮಾಡುತ್ತೇನೆ ಅಂತ ನಿಮಗೆಲ್ಲ ಗೊತ್ತಲ್ವಾ. ಪ್ರಯೋಗಾಲಯದಲ್ಲಿ ಗಿಡಗಳ ರೋಗ ಪತ್ತೆ ಮಾಡುವುದು. ಕೊಳೆತ ಎಲೆ, ಸೊರಗಿದ ಕಾಂಡ, ಇಷ್ಟರ ನಡುವೆಯೇ ನನ್ನ ಕೆಲಸ. ನನಗೇ ಆ ಫೋಟೊ ನೋಡಿ ಹೇಳಲು ಆಗಲಿಲ್ಲ. ಟೊಮೆಟೊ ಎಲೆ ಮೇಲೆ ಅಂಥ ಚುಕ್ಕೆ ಮಾಡುವ ಶಿಲೀಂಧ್ರಗಳೇ ಕೆಲವಿವೆ. ಅವುಗಳ ಜೊತೆಗೆ ಬ್ಯಾಕ್ಟೀರಿಯಾಗಳಲ್ಲಿ ಸ್ಯೂಡೋಮೊನಾಸ್ ಸಿರಿಂಜೆ ಇದೆ, ಕ್ಸಾಂತೊಮೊನಾಸ್ ಇದೆ. ಆ ಕ್ಸಾಂತೊಮೊನಾಸ್ ಕೂಡ ಒಂದಲ್ಲ. ಮೊದಲು ಒಂದೇ ಎಂದುಕೊಂಡಿದ್ದ ಟೊಮೆಟೊ ಮತ್ತು ಮೆಣಸಿನಕಾಯಿ ಗಿಡದ ಚುಕ್ಕೆ ರೋಗದ ಬ್ಯಾಕ್ಟೀರಿಯಾವನ್ನು 2004ರಲ್ಲಿ ನಾಲ್ಕು ಪ್ರಭೇದಗಳಾಗಿ ಬಿಡಿಸಿದರು. ಎಲೆ ಮೇಲೆ ನಾಲ್ಕೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಫೋನಿನ ಪರದೆಯ ಮೇಲೆ ಇವನ್ನೆಲ್ಲ ಬೇರೆ ಮಾಡುವ ಕಣ್ಣು ಯಾರಿಗಿದೆ?

ತಾಮ್ರದ ಔಷಧಿ ಹೊಡೆದರೆ ಶಿಲೀಂಧ್ರ, ಬ್ಯಾಕ್ಟೀರಿಯಾ ಎರಡಕ್ಕೂ ಆಯಿತಲ್ಲ ಅನ್ನುವವರು ಇದ್ದಾರೆ. ತಾಮ್ರಕ್ಕೆ ಬಗ್ಗದ ಕ್ಸಾಂತೊಮೊನಾಸ್ 1980ರ ದಶಕದಲ್ಲೇ ಸಿಕ್ಕಿದೆ. ಈಗ ಎಷ್ಟೋ ಕಡೆ ಇದೆ.

ಆದರೆ ನನ್ನ ಸಿಟ್ಟಿಗೆ ಕಾರಣ ತಪ್ಪು ಔಷಧಿ ಒಂದೇ ಅಲ್ಲ. ಹೀಗೆ ನೋಡಿದ ತಕ್ಷಣ ಹೆಸರಿಡುವ ಅಭ್ಯಾಸ ಹೊಸ ರೋಗವನ್ನು ಮುಚ್ಚಿಬಿಡುತ್ತದೆ. ಹೊಸ ರೋಗ ಬಂದಾಗ "ನಾನು ಹೊಸಬ" ಅಂತ ಹೇಳಿಕೊಂಡು ಬರುವುದಿಲ್ಲ. ನಮಗೆ ಗೊತ್ತಿರುವ ಯಾವುದೋ ಹಳೆಯ ರೋಗದ ಹಾಗೇ ಕಾಣುತ್ತದೆ. ನಾವು ಹಳೆಯ ಹೆಸರು ಕೊಟ್ಟು ಸುಮ್ಮನಾದರೆ ಅದು ವರ್ಷಗಟ್ಟಲೆ ಆ ಹೆಸರಿನ ಅಡಿಯಲ್ಲೇ ಹರಡುತ್ತದೆ.

ಮೆಕ್ಕೆಜೋಳದಲ್ಲಿ ಆದದ್ದೇ ಇದು. ಎಲೆಯ ಮೇಲೆ ಉದ್ದುದ್ದ ಕಂದು ಗೆರೆ ಮಾಡುವ ಒಂದು ಬ್ಯಾಕ್ಟೀರಿಯಾ ರೋಗ ದಕ್ಷಿಣ ಆಫ್ರಿಕಾದಲ್ಲಿ 1949ರಲ್ಲೇ ವರದಿಯಾಗಿತ್ತು. ಅಮೆರಿಕದಲ್ಲಿ ಅದು ಇದೆ ಅಂತ ಖಚಿತವಾಗಿದ್ದು 2016ರಲ್ಲಿ, ನೆಬ್ರಾಸ್ಕಾದಲ್ಲಿ. ಖಚಿತವಾದ ಮೇಲೆ ಹುಡುಕಿದರೆ ಒಂದರ ನಂತರ ಒಂದು ರಾಜ್ಯದಲ್ಲಿ ಸಿಕ್ಕಿತು. ಅಂದರೆ ಆ ವರ್ಷ ಹಾರಿ ಬಂದದ್ದಲ್ಲ, ಮೊದಲೇ ಅಲ್ಲಿತ್ತು. ಸರ್ಕೊಸ್ಪೊರಾ ಎಂಬ ಶಿಲೀಂಧ್ರ ಮಾಡುವ ಬೂದು ಎಲೆಚುಕ್ಕೆಯ ಥರವೇ ಕಾಣುವುದರಿಂದ ಅದೇ ಎಂದುಕೊಂಡು ಶಿಲೀಂಧ್ರನಾಶಕ ಹೊಡೆಯುವುದು ಸುಲಭ. ವ್ಯತ್ಯಾಸ ನೋಡಬೇಕಾದರೆ ಎಲೆಯನ್ನು ಬೆಳಕಿಗೆ ಹಿಡಿಯಬೇಕು. ಶಿಲೀಂಧ್ರದ ಚುಕ್ಕೆಯ ಅಂಚು ಎಲೆಯ ನರಗಳ ನಡುವೆ ಗೆರೆ ಹೊಡೆದಂತೆ ನೇರವಾಗಿರುತ್ತದೆ. ಬ್ಯಾಕ್ಟೀರಿಯಾದ ಗೆರೆಯ ಅಂಚು ಅಲೆ ಅಲೆಯಾಗಿರುತ್ತದೆ, ಹಿಂದಿನಿಂದ ಬೆಳಕು ಬಿದ್ದಾಗ ಸುತ್ತ ಹಳದಿಯಾಗಿ ಹೊಳೆಯುತ್ತದೆ. ಇಷ್ಟು ನೋಡಲು ಯಾವ ಯಂತ್ರ ಬೇಕು ಹೇಳಿ? ಎಲೆ ಕಿತ್ತು ಆಕಾಶಕ್ಕೆ ಹಿಡಿದರೆ ಸಾಕು. ಪಕ್ಕಾ ಮಾಡಿಕೊಳ್ಳಲು ಪ್ರಯೋಗಾಲಯ ಬೇಕು, ನಿಜ. ಅನುಮಾನ ಬರುವುದಕ್ಕೆ ಬೇಡ.

ಭತ್ತದ ಕಥೆ ಇನ್ನೂ ಬೇಸರದ್ದು. ಅಮೆರಿಕ ದೇಶದ ದಕ್ಷಿಣದ ರಾಜ್ಯಗಳ ಬಗ್ಗೆ ಹೇಳುತ್ತಿದ್ದೇನೆ. ಅಲ್ಲಿ ತೆನೆ ಜೊಳ್ಳಾಗುವ ಸಮಸ್ಯೆ ಬಹಳ ವರ್ಷಗಳಿಂದ ಇತ್ತು. ಕಾಳು ತುಂಬದೆ ತೆನೆ ಬಾಗದೆ ನೆಟ್ಟಗೆ ನಿಲ್ಲುತ್ತಿತ್ತು. ಹೂ ಬಿಡುವಾಗ ಬಿಸಿಲು ಜಾಸ್ತಿ ಆದದ್ದಕ್ಕೆ ಹೀಗೆ ಅಂತ ಎಲ್ಲರೂ ನಂಬಿದ್ದರು. 1990ರ ದಶಕದ ಕೊನೆಯಲ್ಲಿ ಆ ಕಾಳುಗಳಿಂದ ಬರ್ಕೊಲ್ಡೇರಿಯಾ ಗ್ಲುಮೆ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಜಪಾನಿನವರು ಅದನ್ನು 1950ರ ದಶಕದಲ್ಲೇ ಗುರುತಿಸಿದ್ದರು! ಬಿಸಿಲಿನ ಮಾತು ಪೂರ್ತಿ ಸುಳ್ಳೂ ಅಲ್ಲ. ರಾತ್ರಿಯೂ ಸೆಕೆ ಇದ್ದರೆ ಈ ಬ್ಯಾಕ್ಟೀರಿಯಾ ಜೋರಾಗುತ್ತದೆ. ಅರ್ಧ ಸರಿಯಾದ ಕಾರಣ ಸಿಕ್ಕಿಬಿಟ್ಟರೆ ಪೂರ್ತಿ ಕಾರಣ ಹುಡುಕುವುದನ್ನು ಜನ ನಿಲ್ಲಿಸುತ್ತಾರೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಈ ಬ್ಯಾಕ್ಟೀರಿಯಾ ಬೀಜದ ಜೊತೆ ಬರುತ್ತದೆ. ಬಿಸಿಲನ್ನು ಬೈಯುತ್ತಾ ಕೂತ ಅಷ್ಟೂ ವರ್ಷ ಬೀಜವನ್ನು ಯಾರೂ ಅನುಮಾನಿಸಲಿಲ್ಲ.

ಇದನ್ನೆಲ್ಲ ಹೇಳಿದಾಗ ಬರುವ ಉತ್ತರ ಒಂದೇ: "ರೈತನಿಗೆ ಟೈಮ್ ಎಲ್ಲಿದೆ? ಇವತ್ತು ಹೊಡೆಯದಿದ್ದರೆ ನಾಳೆ ತೋಟ ಇರಲ್ಲ." ಆ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ಈ ವಾದವನ್ನು ನಾನು ಒಪ್ಪುವುದಿಲ್ಲ. ತಪ್ಪು ಔಷಧಿ ಹೊಡೆದು, ಅದು ಕೆಲಸ ಮಾಡುತ್ತದಾ ಅಂತ ಕಾದು, ಮಾಡಲಿಲ್ಲ ಅಂತ ಇನ್ನೊಂದು ಹೊಡೆದು ಕಾಯುವುದಕ್ಕೆ ಹೋಗುವ ಸಮಯ ಸಮಯ ಅಲ್ವಾ? ಟೊಮೆಟೊ, ಬದನೆ, ಆಲೂಗಡ್ಡೆ ಗಿಡ ಹಸಿರಾಗಿದ್ದಂತೆಯೇ ಒಂದೆರಡು ದಿನದಲ್ಲಿ ಸೊರಗಿದರೆ ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿ ನೀರು ಹಾಕಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿಯಿರಿ. ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ಇದ್ದರೆ ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆಗಳು ಇಳಿಯುತ್ತವೆ. ಶಿಲೀಂಧ್ರದಿಂದ ಬಂದ ಸೊರಗು ರೋಗದಲ್ಲಿ ಹೀಗೆ ಇಳಿಯುವುದಿಲ್ಲ. ಎಳೆ ಕಾಣಲಿಲ್ಲ ಅಂದರೆ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ ಅಂತ ಅರ್ಥವಲ್ಲ, ಆದರೆ ಕಂಡರೆ ಆ ಕ್ಷಣದಿಂದ ನೀವು ಮಾಡಬೇಕಾದ ಕೆಲಸವೇ ಬೇರೆ. ಆ ಗಿಡಕ್ಕೆ ಯಾವ ಔಷಧಿಯೂ ಇಲ್ಲ. ಬೇರುಸಮೇತ ಕಿತ್ತು ಹೊರಗೆ ಹಾಕಬೇಕು, ಅಲ್ಲಿಂದ ನೀರು ಬೇರೆ ಸಾಲಿಗೆ ಹರಿಯದಂತೆ ತಡೆಯಬೇಕು, ಮುಂದಿನ ಬೆಳೆಗೆ ಅದೇ ಜಾತಿಯ ಗಿಡ ಹಾಕಬಾರದು.

ಈ ಎಳೆಗಳನ್ನು ನೋಡಿದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಎಲೆಚುಕ್ಕೆಯ ಅಂಚನ್ನು ಸಣ್ಣಗೆ ಕತ್ತರಿಸಿ ನೀರ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕತ್ತರಿಸಿದ ಜಾಗದಿಂದ ಬ್ಯಾಕ್ಟೀರಿಯಾ ಹೊಗೆಯ ಹಾಗೆ ಹೊರಗೆ ಹರಿಯುತ್ತದೆ. ಈ ಕೆಲಸಕ್ಕೆ ನಾನು ಅಂಟಿಕೊಂಡದ್ದೇ ಅದನ್ನು ನೋಡಿ. ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳುತ್ತಿದ್ದೇನೆ.

ಈಗ ಆ್ಯಪ್‌ಗಳ ಸರದಿ. ಫೋಟೊ ತೆಗೆದರೆ ರೋಗದ ಹೆಸರು ಬರುತ್ತದೆ. ಗೊತ್ತಿರುವ ರೋಗಗಳಿಗೆ ಉಪಯೋಗ ಇರಬಹುದು, ನನ್ನ ತಕರಾರಿಲ್ಲ. ಆದರೆ ಆ್ಯಪ್ ಕಲಿತಿರುವುದು ಈಗಾಗಲೇ ಹೆಸರಿರುವ ರೋಗಗಳ ಫೋಟೊಗಳಿಂದ. ಹೆಸರೇ ಇಲ್ಲದ ರೋಗದ ಫೋಟೊ ಕೊಟ್ಟರೂ ತನ್ನ ಪಟ್ಟಿಯಲ್ಲಿ ಹತ್ತಿರದ್ದು ಯಾವುದೋ ಅದನ್ನೇ ಹೇಳುವ ಸಾಧ್ಯತೆ ಜಾಸ್ತಿ. ಗುಂಪಿನಲ್ಲಿ ಜನ ಮಾಡುವ ತಪ್ಪನ್ನೇ ಅದು ಇನ್ನೂ ಬೇಗ ಮಾಡುತ್ತದೆ.

ರೈತರನ್ನು, ಆ್ಯಪ್‌ಗಳನ್ನು ಮಾತ್ರ ಬೈದರೆ ನ್ಯಾಯವಲ್ಲ. ಪ್ರಯೋಗಾಲಯದ ನಮ್ಮ ಕಡೆಯವರೂ ಇದನ್ನೇ ಮಾಡುತ್ತಾರೆ, ಸ್ವಲ್ಪ ದುಬಾರಿ ಸಲಕರಣೆ ಇಟ್ಟುಕೊಂಡು. ಕೊಳೆತ ಭಾಗದ ನಡುವಿನಿಂದ ಒಂದು ಚೂರು ತೆಗೆಯುವುದು, ಮೊದಲು ಬೆಳೆದ ಬ್ಯಾಕ್ಟೀರಿಯಾವನ್ನು ಹಿಡಿಯುವುದು, ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಎಂಬ ಜೀನ್ ಓದಿಸುವುದು, "ಈ ಬೆಳೆಯಲ್ಲಿ ಹೊಸ ರೋಗ" ಅಂತ ಬರೆಯುವುದು. ಸತ್ತ ಭಾಗದಲ್ಲಿ ಸಿಗುವುದು ಬಹಳ ಸಲ ಕೊಳೆತದ್ದನ್ನು ತಿನ್ನಲು ಬಂದ ಬ್ಯಾಕ್ಟೀರಿಯಾ, ರೋಗ ತಂದದ್ದಲ್ಲ. ರೋಗ ತಂದದ್ದು ಹಸಿರು ಮತ್ತು ಕಂದು ಸೇರುವ ಅಂಚಿನಲ್ಲಿ ಇರುತ್ತದೆ. 16ಎಸ್ ನೋಡಿದರೆ ಕುಲ ಗೊತ್ತಾಗುತ್ತದೆ, ಎಷ್ಟೋ ಸಲ ಪ್ರಭೇದ ಗೊತ್ತಾಗುವುದಿಲ್ಲ. ಅದಕ್ಕೆ ಗೈರೇಸ್ ಬಿ, ಆರ್‌ಪಿಒಡಿ ಥರದ ಇನ್ನಷ್ಟು ಜೀನ್ ಓದಬೇಕು, ಇಲ್ಲವೇ ಜೀನೋಮ್, ಅಂದರೆ ಅದರ ಎಲ್ಲ ಜೀನ್ ಸೇರಿದ ಪೂರ್ತಿ ಡಿಎನ್ಎ ಓದಿ ಹೋಲಿಸಬೇಕು. ಎರಡು ಜೀನೋಮ್‌ಗಳ ಸರಾಸರಿ ಹೋಲಿಕೆ ಶೇ. 95–96ಕ್ಕಿಂತ ಕಡಿಮೆಯಾದರೆ ಬೇರೆ ಪ್ರಭೇದ ಎನ್ನುವುದು ಈಗಿನ ರೂಢಿ.

ಇಷ್ಟೆಲ್ಲ ಮಾಡಿದರೂ ಗೊತ್ತಾಗುವುದು ಬ್ಯಾಕ್ಟೀರಿಯಾದ ಹೆಸರು. ರೋಗ ತಂದದ್ದು ಅದೇನಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಹಾಕಿಕೊಟ್ಟ ದಾರಿಯೇ ಇವತ್ತಿಗೂ ದಾರಿ. ಬ್ಯಾಕ್ಟೀರಿಯಾವನ್ನು ಒಂಟಿಯಾಗಿ ಬೆಳೆಸಿ, ಆರೋಗ್ಯವಂತ ಗಿಡಕ್ಕೆ ಕೊಟ್ಟು, ಅದೇ ಲಕ್ಷಣ ಬಂತಾ ನೋಡಿ, ಆ ಗಿಡದಿಂದ ಅದನ್ನೇ ಮತ್ತೆ ತೆಗೆಯಬೇಕು. ವಾರಗಳು ಹಿಡಿಯುತ್ತವೆ, ಬೇಸರ ಬರುತ್ತದೆ, ಆದರೂ ಬಿಡುವ ಹಾಗಿಲ್ಲ.

ಬಿಟ್ಟರೆ ಎರಡೂ ಕಡೆ ಮೋಸ ಹೋಗುತ್ತೇವೆ: ರೋಗ ತರದ್ದನ್ನು ಹಿಡಿಯುತ್ತೇವೆ, ತಂದದ್ದನ್ನು ಬಿಡುತ್ತೇವೆ. ಕುಂಬಳ ಜಾತಿಯ ಬಳ್ಳಿಗಳು ಹಳದಿಯಾಗಿ ಸಾಯುವ ರೋಗ ಅಮೆರಿಕದ ಟೆಕ್ಸಾಸ್, ಒಕ್ಲಹೋಮಗಳಲ್ಲಿ 1988ರಲ್ಲಿ ಕಂಡಿತು. ಅದಕ್ಕೆ ಕಾರಣ ಸೆರೇಶಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ, ಅದನ್ನು ಹರಡುವುದು ಒಂದು ತಿಗಣೆ ಜಾತಿಯ ಕೀಟ ಅಂತ ಪೂರ್ತಿ ಸಾಬೀತಾದ ವರದಿ ಬಂದದ್ದು 2003ರಲ್ಲಿ. ಆ ಬ್ಯಾಕ್ಟೀರಿಯಾ ಮಣ್ಣಿನಲ್ಲೂ ಇರುತ್ತದೆ, ಆಸ್ಪತ್ರೆಗಳಲ್ಲಿ ಸೋಂಕು ತರುವುದಕ್ಕೂ ಹೆಸರಾದದ್ದು. ಅವಸರದವರು ಬರೀ ಹೆಸರು ನೋಡಿದ್ದರೆ ಇದು ಎಲ್ಲಿಂದಲೋ ಬೆರೆತದ್ದು ಅಂತ ಅದನ್ನು ಬೆಳೆಸಿದ ತಟ್ಟೆಯನ್ನೇ ಎಸೆಯುತ್ತಿದ್ದರು.

ಬೆಳೆಸಲು ಆಗದ ಬ್ಯಾಕ್ಟೀರಿಯಾಗಳೂ ಇವೆ, ಅಲ್ಲಿ ಕಾಕ್ ದಾರಿ ಪೂರ್ತಿ ನಡೆಯುವುದಿಲ್ಲ. ಆಲೂಗಡ್ಡೆ ಕತ್ತರಿಸಿ ಕರಿದರೆ ಕಪ್ಪು ಪಟ್ಟೆ ಬರುವ ರೋಗ ಮೆಕ್ಸಿಕೊದಲ್ಲಿ 1994ರಲ್ಲಿ ದಾಖಲಾಯಿತು. ಲಿಬೆರಿಬ್ಯಾಕ್ಟರ್ ಎಂಬ ಅಂಥದ್ದೇ ಬ್ಯಾಕ್ಟೀರಿಯಾ ಅದರ ಹಿಂದಿದೆ ಅಂತ ತಿಳಿದದ್ದು 2008ರ ಸುಮಾರಿಗೆ. ಗಿಡದಿಂದ ಗಿಡಕ್ಕೆ ಕಸಿ ಕಟ್ಟಿ, ರಸ ಹೀರುವ ಕೀಟವನ್ನು ಬಿಟ್ಟು, ಡಿಎನ್‌ಎ ಹುಡುಕಿ, ಸುತ್ತು ದಾರಿಯಲ್ಲಿ ಸಾಬೀತು ಮಾಡಬೇಕು. ಅದಕ್ಕೂ ತಾಳ್ಮೆಯೇ ಬೇಕು.

ಹಾಗಾಗಿ ನನ್ನ ಸ್ನೇಹಿತರಲ್ಲಿ ಬೆಳೆಯುವವರು ಯಾರಿದ್ದೀರೋ ಅವರಿಗೆ ಒಂದು ಕೋರಿಕೆ. ಔಷಧಿ ಹೊಡೆಯುವ ಮೊದಲು ಮಾದರಿ ತೆಗೆಯಿರಿ. ಪೂರ್ತಿ ಸತ್ತ ಗಿಡ ಬೇಡ, ಈಗ ತಾನೇ ಶುರುವಾದದ್ದು ಬೇಕು. ಸೊರಗಿದ್ದರೆ ಬೇರುಸಮೇತ ಬೇಕು. ಎಲೆಗಳನ್ನು ಒಣ ಕಾಗದದ ನಡುವೆ ಇಡಿ, ಒದ್ದೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ನಮ್ಮ ಕೈಗೆ ಬರುವಷ್ಟರಲ್ಲಿ ಗೊಜ್ಜಾಗಿರುತ್ತದೆ. ಯಾವ ತಳಿ, ಬೀಜ ಎಲ್ಲಿಂದ ಬಂತು, ಮಳೆ ಬಿದ್ದು ಎಷ್ಟು ದಿನವಾಯಿತು, ಒಂದೇ ಮೂಲೆಯಲ್ಲಿದೆಯಾ ಇಡೀ ಹೊಲದಲ್ಲಿದೆಯಾ, ಏನೇನು ಹೊಡೆದಿದ್ದೀರಿ, ಎಲ್ಲ ಬರೆದು ಕಳಿಸಿ. ಪಕ್ಕದ ಆರೋಗ್ಯವಂತ ಗಿಡದ್ದೂ ಒಂದು ಎಲೆ ಇರಲಿ.

ಪ್ರಯೋಗಾಲಯದಲ್ಲಿರುವ ಗೆಳೆಯರಿಗೆ ಹೇಳುವುದು ಬೇರೆ. ಗುರುತು ಸಿಗದ ಮಾದರಿಗೆ ಹತ್ತಿರದ ಹೆಸರು ಬರೆದು ಕಡತ ಮುಚ್ಚಬೇಡಿ. "ಗುರುತಿಸಲಾಗಿಲ್ಲ" ಅಂತ ಬರೆಯಿರಿ. ಬ್ಯಾಕ್ಟೀರಿಯಾವನ್ನು ಗ್ಲಿಸರಾಲ್‌ನಲ್ಲಿ ಹಾಕಿ ಮೈನಸ್ 80 ಡಿಗ್ರಿಯಲ್ಲಿ ಎತ್ತಿಡಿ, ಮೇಲೆ ಬೆಳೆ, ಜಾಗ, ತಾರೀಖು ಬರೆದಿರಲಿ. ಮುಂದೆ ಯಾರಾದರೂ ಅದೇ ರೋಗದ ಹಿಂದೆ ಬಿದ್ದರೆ, ಅದು ಯಾವಾಗಿನಿಂದ ಇಲ್ಲಿದೆ ಅಂತ ತಿಳಿಯಲು ಅವರಿಗೆ ಆ ಸೀಸೆ ಬೇಕಾಗುತ್ತದೆ.