ಸ್ಪಷ್ಟನೆ: ಜಿಯೋಜೇಸನ್‌ನಲ್ಲಿ ಮೊದಲು ರೇಖಾಂಶ
ಪುಣೆಯ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹೋದ ವಾರ ನಾನು ಹಾಕಿದ್ದ ಟಿಪ್ಪಣಿ ಈಗ ಮುಂಬಯಿಯ ಗೆಳೆಯರಿಗೂ ತಲುಪಿದೆ. ಅದರಲ್ಲಿ, ನಕ್ಷೆಯ ಮಾಹಿತಿ ಬರೆದಿಡುವ ಕಡತದ ರೂಪವಾದ ಜಿಯೋಜೇಸನ್ ಬಗ್ಗೆ, "ಕ್ಲಿಕ್ ಮಾಡಿದ ಗುರುತಿನ ಜಿಯೋಜೇಸನ್ ಕೋಆರ್ಡಿನೇಟ್ಸ್‌ನಲ್ಲಿ ಮೊದಲ ಸಂಖ್ಯೆ ಅಕ್ಷಾಂಶ" ಎಂದು ಬರೆದಿದ್ದೆ. ಅದು ತಪ್ಪು. ಮೊದಲನೆಯದು ರೇಖಾಂಶ, ಎರಡನೆಯದು ಅಕ್ಷಾಂಶ. ಜಿಯೋಜೇಸನ್‌ನ ನಿಯಮಗಳನ್ನು ಹೇಳುವ 2016ರ ದಾಖಲೆ ಆರ್‌ಎಫ್‌ಸಿ 7946ರಲ್ಲಿ ಇದು ಸ್ಪಷ್ಟವಾಗಿದೆ.

ಗೊಂದಲ ಹುಟ್ಟುವುದು ವೆಬ್ ಪುಟದಲ್ಲಿ ನಕ್ಷೆ ತೋರಿಸುವ ಲೀಫ್ಲೆಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಿಂದ. ಸ್ಥಳ ಸೂಚಿಸುವ ಅದರ ಲ್ಯಾಟ್‌ಲಾಂಗ್‌ಗೆ ಅಕ್ಷಾಂಶವೇ ಮೊದಲು ಬೇಕು. ಅದರದೇ ಎಲ್.ಜಿಯೋಜೇಸನ್ ಎಂಬ ಆಜ್ಞೆಯ ಮೂಲಕ ನಕ್ಷೆಗೆ ಪದರ ಸೇರಿಸಿದರೆ ಈ ಅದಲುಬದಲು ತಾನೇ ಆಗುತ್ತದೆ. ಸಂಖ್ಯೆಗಳನ್ನು ನಾವೇ ಓದಿಕೊಂಡರೆ ನಾವೇ ತಿರುಗಿಸಬೇಕು. ಉದಾಹರಣೆಗೆ, ಪುಣೆಯ ಶನಿವಾರವಾಡೆಯ ಸ್ಥಾನ ಜಿಯೋಜೇಸನ್ ಕಡತದಲ್ಲಿ ಸುಮಾರು 73.86, 18.52. ಅದನ್ನು ಹಾಗೇ ಲೀಫ್ಲೆಟ್‌ಗೆ ಕೊಟ್ಟರೆ ಗುರುತು ನಾರ್ವೆಯ ಉತ್ತರಕ್ಕೆ, ನಡುಸಮುದ್ರದಲ್ಲಿ ಬೀಳುತ್ತದೆ. ದೋಷಸಂದೇಶವೂ ಬರುವುದಿಲ್ಲ, ಅದಕ್ಕೇ ನನಗೆ ಹೆಚ್ಚು ಚಿಂತೆ.

ನಕ್ಷೆಯಲ್ಲಿ ಕ್ಲಿಕ್ ಮಾಡಿದ ವಾರ್ಡಿನ ಹೆಸರು, ಸಂಖ್ಯೆ ಬೇಕಿದ್ದರೆ ಆ ಪದರದ ಫೀಚರ್.ಪ್ರಾಪರ್ಟೀಸ್ (ಆಕೃತಿಯ ಜೊತೆ ಬರೆದಿಟ್ಟ ವಿವರಗಳು) ಓದಿ. ವಾರ್ಡಿನಂಥ ಆಕೃತಿಯ ಮೇಲೆ ಕ್ಲಿಕ್ ಮಾಡಿದಾಗ ಸಿಗುವ ಲ್ಯಾಟ್‌ಲಾಂಗ್ ಬೆರಳು ಒತ್ತಿದ ಜಾಗದ್ದು, ವಾರ್ಡಿನ ಮಧ್ಯಬಿಂದುವಲ್ಲ.

ದಯವಿಟ್ಟು ಹಳೆಯ ಟಿಪ್ಪಣಿಯನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಆ ಗುಂಪುಗಳಿಗೆ ಇದನ್ನೂ ತಲುಪಿಸಿ.