ಮಂಡ್ಯದೋರಾ?

ಬೆಂಗಳೂರಿನಲ್ಲಿ ಆಟೋದವನ ಜೊತೆ ಬಾಡಿಗೆಗೆ ಜಗಳ ಬಿದ್ದಾಗ ‘ನಮ್ದು ಮಂಡ್ಯ’ ಅಂತ ಒಂದು ಮಾತು ಸೇರಿಸಿ ನೋಡಿ, ಎದುರಿನವನ ದನಿ ಅರ್ಧ ಇಳಿಯುತ್ತದೆ. ಅವನೂ ನಾಗಮಂಗಲದವನೇ ಆಗಿಬಿಟ್ಟರೆ ಮಾತ್ರ ಕಷ್ಟ. ಯಾವೂರು, ಯಾರ ಪೈಕಿ ಅಂತ ಶುರುವಾಗಿ, ಕಾಫಿ ಕುಡಿಸುವ ಖರ್ಚು ನಮ್ಮ ತಲೆಗೇ ಬರುತ್ತದೆ.

ಒರಟರು ಅನ್ನುವ ಹೆಸರು ನಮಗೆ ಬಂದದ್ದು ಸ್ವಭಾವದಿಂದಲ್ಲ, ರಸ್ತೆಯಿಂದ ಅನ್ನುವುದು ನನ್ನ ವಾದ. ಬೆಂಗಳೂರು–ಮೈಸೂರು ಹೆದ್ದಾರಿ ಊರ ನಡುವೆಯೇ ಹಾದುಹೋಗುತ್ತಿತ್ತು. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದ ಮೇಲಂತೂ, ನೀರಿನ ಸಿಟ್ಟು ನೆತ್ತಿಗೇರಿದಾಗಲೆಲ್ಲ ನಮ್ಮವರು ದೂರ ಹೋಗಬೇಕಿರಲಿಲ್ಲ. ಸಂಜಯ ಸರ್ಕಲ್‌ಗೆ ಬಂದು ಕೂತರೆ ಆಯಿತು, ರಾಜಧಾನಿಗೂ ಅರಮನೆಗೂ ನಡುವಿನ ದಾರಿ ಬಂದ್. ಬಸ್ಸಿನಲ್ಲಿ ಸಿಕ್ಕಿಕೊಂಡವರು ಕಿಟಕಿಯಿಂದ ಕಂಡದ್ದು ಟೈರಿನ ಹೊಗೆ, ಟವಲು ಬೀಸುವ ಗಂಡಸರು. ಮಂಡ್ಯ ಅಂದರೆ ಇಷ್ಟೇ ಅಂತ ಮನೆಗೆ ಹೋಗಿ ಹೇಳಿದರು. ರಸ್ತೆಯ ಮೇಲೇ ಒಲೆ ಹೂಡಿ ಕೆದಕಿದ ಉಪ್ಪಿಟ್ಟಿನಲ್ಲಿ ಬಂದೋಬಸ್ತಿನ ಪೊಲೀಸರಿಗೂ ಪಾಲಿತ್ತು. ಅದು ಕಿಟಕಿಗೆ ಕಾಣಲಿಲ್ಲ.

ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಕನ್ನಂಬಾಡಿ ಕಟ್ಟೆ ಎದ್ದು ನಾಲೆ ಹರಿಯುವ ಮುಂಚೆ ಈ ಕಡೆಯ ಎಷ್ಟೋ ಹೊಲಗಳಲ್ಲಿ ಬರೀ ರಾಗಿ, ಹುರುಳಿ. ನಾಲೆಯ ಹಿಂದೆ ಕಬ್ಬು, ಕಬ್ಬಿನ ಹಿಂದೆ 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯೂ ಆಯಿತು. ನೀರಿನಿಂದ ಬದುಕು ಕಂಡವರು ನೀರಿಗೆ ಜಗಳವಾಡದೆ ಇನ್ಯಾವುದಕ್ಕೆ ಆಡಬೇಕು?

ದನಿ ಜೋರು, ಒಪ್ಪಿಕೊಂಡೆ. ಪ್ರೀತಿಗೂ ಬೈಗುಳಕ್ಕೂ ನಮ್ಮಲ್ಲಿ ಒಂದೇ ಶ್ರುತಿ. ಮೈಸೂರಿನ ಗೆಳೆಯನೊಬ್ಬ ಮನೆಗೆ ಬಂದಿದ್ದಾಗ ಚಿಕ್ಕಮ್ಮ ನನಗೆ, ‘ಉಣ್ಣಕ್ಕೇನ್ಲಾ ರೋಗ ನಿಂಗೆ, ಕೂತ್ಕಳ್ಲಾ’ ಅಂತ ಗದರಿ ಇನ್ನೊಂದು ಮುದ್ದೆ ಇಟ್ಟಳು. ಜಗಳ ಹತ್ತಿಕೊಂಡಿತು ಅಂತ ಅವನು ಬಾಗಿಲ ಕಡೆ ನೋಡಿದ. ಪಾಪ, ಅವರ ಕಡೆ ನಯ ಜಾಸ್ತಿ. ‘ಊಟ ಮಾಡ್ಕೊಂಡೇ ಹೋಗ್ಬಹುದಿತ್ತು’ ಅನ್ನುವುದನ್ನು ಗೇಟು ದಾಟಿದ ಮೇಲೆ ಮೆಲ್ಲಗೆ ಹೇಳುತ್ತಾರೆ.

ಯಾರಾದರೂ ತೀರಾ ಹಂಗಿಸಿದರೆ ನಮ್ಮ ಹತ್ತಿರ ಒಂದು ತುರುಫು ಇದೆ. ಗಂಡ ಹೆಂಡಿರ ಒಲವನ್ನು ಅಷ್ಟು ನವಿರಾಗಿ ಹಾಡಿದ ಕೆ.ಎಸ್. ನರಸಿಂಹಸ್ವಾಮಿ ನಮ್ಮ ಕಿಕ್ಕೇರಿಯವರು! ಇದನ್ನು ನಾವು ಮೇಜು ಕುಟ್ಟಿ ಹೇಳುವ ರೀತಿಗೆ, ಕೇಳಿದವರು ಕವಿತೆ ಓದದೆಯೂ ಒಪ್ಪಿಕೊಂಡುಬಿಡುತ್ತಾರೆ.

2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಅದೇ ಸೆಪ್ಟೆಂಬರ್‌ನಲ್ಲಿ ಮತ್ತೆ ಕಾವೇರಿ, ಮತ್ತೆ ಮಂಡ್ಯ ಬಂದ್. ಆದರೆ ಬೈಪಾಸಿನಲ್ಲಿ ನುಗ್ಗುವ ಕಾರುಗಳಿಗೆ ಸಂಜಯ ಸರ್ಕಲ್ ಎಲ್ಲಿ ಕಾಣಬೇಕು? ಹಳೇ ರಸ್ತೆಯ ಹೋಟೆಲಿನವರಿಗೆ ವ್ಯಾಪಾರದ ಚಿಂತೆ. ನಮ್ಮ ಬೀದಿಯ ಹಿರಿಯರೊಬ್ಬರ ಸಂಕಟವೇ ಬೇರೆ: ‘ನಮ್ಮನ್ನ ಬಯ್ಯಕಾದ್ರೂವೆ ಒಬ್ರು ಗಾಡಿ ನಿಲ್ಲುಸ್ದಂಗಾದ್ರಲ್ಲ ಕಣಪ್ಪಾ.’