ಹೊಸ ಪ್ಯಾಕಿಂಗಿನ ಮೇಲೆ ಸುಮ್ಮನೆ ಅಪವಾದ

ಇಂಜಿನ್ ಬಿಚ್ಚಿಸಿ ಸಿಲಿಂಡರ್ ಬೋರ್ ಮಾಡಿಸಿ, ಪಿಸ್ಟನ್ ರಿಂಗು ಬೇರಿಂಗು ಬದಲಿಸಿ, ಭಾಗಗಳ ನಡುವೆ ಸೋರದಂತೆ ಕೂರಿಸುವ ಪ್ಯಾಕಿಂಗ್ ಸೆಟ್ ಪೂರ್ತಿ ಹೊಸತು ಹಾಕಿಸಿಕೊಂಡ ಕಾರು ಮನೆಗೆ ಬಂದ ಮರುದಿನವೇ ಅಂಗಳದ ಇಂಟರ್‌ಲಾಕ್ ಮೇಲೆ ಸೋರಿ ಎರಡು ಬೊಟ್ಟು ಇಟ್ಟಿರುತ್ತದೆ. ಗೇಟಿನ ಹೊರಗಿನಿಂದಲೇ ತೀರ್ಪು: "ಪ್ಯಾಕಿಂಗ್ ಡೂಪ್ಲಿಕೇಟ್ ಮಾರಾಯ್ರೆ!"

ಪಾಪ, ಹೆಚ್ಚಿನ ಸಲ ಪ್ಯಾಕಿಂಗ್ ನಿರಪರಾಧಿ. ಬೊಟ್ಟನ್ನು ಬೆರಳಿಗೆ ಹಚ್ಚಿ ನೋಡಿ. ಜೇನಿನ ಬಣ್ಣವಾದರೆ ಹೊಸ ಇಂಜಿನ್ ಆಯಿಲ್. ದಪ್ಪಗಿದ್ದು ಗಂಧಕದ ನಾತ ಹೊಡೆದರೆ ಗೇರ್ ಆಯಿಲ್. ಬರೀ ನೀರಾದರೆ ಅದು ಏಸಿಯದ್ದು, ಮೆಕ್ಯಾನಿಕ್ಕನಿಗೆ ಫೋನ್ ಮಾಡಬೇಡಿ.

ಆಯಿಲ್ ಹುಟ್ಟುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಇಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನ ಮೂಲೆಯಿಂದ ಹೊರಟದ್ದು ಅದರಡಿಯ ಹೆಡ್ಡಿನ ಬೆನ್ನಿಗೆ ಇಳಿದು, ಗೇರ್‌ಬಾಕ್ಸ್ ಕೂಡುವ ಸಂದಿಯಲ್ಲಿ ಬಂದು ನೇತಾಡುತ್ತದೆ. ಅದನ್ನು ನೋಡಿ "ಕ್ರ್ಯಾಂಕ್ ಸೀಲ್ (ಇಂಜಿನ್ ತಿರುಗಿಸುವ ದಂಡದ ಸುತ್ತ ಆಯಿಲ್ ತಡೆಯುವ ಬಳೆ) ಹೋಯ್ತು" ಎಂದು ಗೇರ್‌ಬಾಕ್ಸ್ ಇಳಿಸಿದವರಿದ್ದಾರೆ. ಅದಕ್ಕಿಂತ ಸೀಮೆಎಣ್ಣೆ, ಬ್ರಷ್ ಹಿಡಿದು ಇಂಜಿನ್ ತೊಳೆದು ಚೆನ್ನಾಗಿ ಒಣಗಿಸಿ. ಆಮೇಲೆ ಮಗುವಿಗೆ ಹಾಕುವ ಪೌಡರ್ ಎಲ್ಲ ಸಂದಿಗೂ ಉದುರಿಸಿ, ಇಂಜಿನ್ನನ್ನು ಹತ್ತು ನಿಮಿಷ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಓಡಲು, ಬಿಡಿ. ಬಿಳಿ ಪೌಡರಿನಲ್ಲಿ ಕಂದು ಗೆರೆ ಎದ್ದರೆ, ಅದರ ಮೇಲಿನ ತುದಿಯೇ ಕಳ್ಳನ ಮನೆ. ಏನೂ ಕಾಣದಿದ್ದರೆ ಉಡುಪಿಯಿಂದ ಮಣಿಪಾಲಕ್ಕೆ ಒಮ್ಮೆ ಏರು ಹತ್ತಿಸಿ ಬನ್ನಿ. ಲೋಡ್ ಬಿದ್ದಾಗ ಇಂಜಿನ್ ಸತ್ಯ ಹೇಳುತ್ತದೆ.

ಹೇಳುವ ಸತ್ಯವೇನೆಂದರೆ, ಒಳಗೆ ಗಾಳಿ ಕಟ್ಟಿದೆ. ಹೊಸ ರಿಂಗು ಬೋರಿಗೆ ಹೊಂದಿಕೊಳ್ಳಲು ಸಾವಿರ ಕಿಲೋಮೀಟರ್‌ವರೆಗೂ ಹಿಡಿಯಬಹುದು. ಅಷ್ಟರವರೆಗೆ ಒಂದಿಷ್ಟು ಗ್ಯಾಸ್ ಚೇಂಬರಿಗೆ, ಅಂದರೆ ಇಂಜಿನ್ನಿನಡಿಯ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಅದನ್ನು ಹೊರಬಿಡುವ ಬ್ರೀದರ್ ಪೈಪು ಇಲ್ಲವೇ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೆ ಆ ಗ್ಯಾಸ್ ಸೀಲನ್ನೇ ಬಾಗಿಲು ಮಾಡಿಕೊಳ್ಳುತ್ತದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತಿರುಗಿಸಿ ಬಿಚ್ಚಿ, ಬಾಯಿಯ ಮೇಲೆ ಸುಮ್ಮನೆ ಇಡಿ. ಕೊಟ್ಟೆ ಕಡುಬು ಬೇಯುವ ಪಾತ್ರೆಯ ಮುಚ್ಚಳದ ಹಾಗೆ ಕುಣಿದರೆ ಮೊದಲು ಬ್ರೀದರ್ ನೋಡಿ. ವಾಲ್ವನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಟಕಟಕ ಎನ್ನದಿದ್ದರೆ ಹೊಸತು ಹಾಕಿ.

ಇನ್ನು ಬೋಲ್ಟ್ ಬಿಗಿಯುವ ಪೌರುಷ. ಚೇಂಬರಿನ ಸಣ್ಣ ಬೋಲ್ಟಿಗೆ, ಅಂದರೆ ಹತ್ತರ ಸ್ಪ್ಯಾನರ್ ಕೂರುವಂಥದ್ದಕ್ಕೆ, ಸಾಮಾನ್ಯವಾಗಿ ಬೇಕಾದದ್ದು 10 ನ್ಯೂಟನ್ ಮೀಟರ್ ಆಸುಪಾಸು. ಹತ್ತು ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ ಹತ್ತು ಕಿಲೋ ಕುಚ್ಚಲಕ್ಕಿ ಚೀಲ ನೇತು ಹಾಕಿದಷ್ಟು. ನಮ್ಮವರು ಕ್ವಿಂಟಾಲ್ ಹಾಕುತ್ತಾರೆ. ಆಗ ಚೇಂಬರಿನ ತಗಡು ಬೋಲ್ಟಿನ ಸುತ್ತ ಮೇಲಕ್ಕೆ ಉಬ್ಬಿ, ಎರಡು ಬೋಲ್ಟಿನ ನಡುವೆ ತಗ್ಗಾಗಿ ಬಾಯಿ ಬಿಡುತ್ತದೆ. ಸೋರಿತು ಎಂದು ಇನ್ನೂ ಬಿಗಿದರೆ ಬಾಯಿ ಇನ್ನೂ ಅಗಲ! ಬಿಚ್ಚಿ, ಅಂಚಿಗೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಉಬ್ಬಿದಲ್ಲಿ ಮರದ ತುಂಡಿನ ಮೇಲೆ ಮಲಗಿಸಿ ಮೆಲ್ಲ ತಟ್ಟಿ ಸಮ ಮಾಡಿ.

ಸಂದಿ ಮುಚ್ಚುವ ಸಿಲಿಕೋನ್ ಅಂಟಿನ ಬಗ್ಗೆ ಹೇಳದಿರುವುದೇ ಮೇಲು, ಆದರೂ ಹೇಳಬೇಕು. ಎರಡು ಮೂರು ಮಿಲಿಮೀಟರಿನ ಗೆರೆ ಸಾಕು. ಕೇಕಿಗೆ ಕ್ರೀಮ್ ಹಾಕಿದ ಹಾಗೆ ಹಾಕಿದರೆ ಹೆಚ್ಚಾದದ್ದು ಒಳಗೆ ಬಿದ್ದು ಆಯಿಲ್ ಸೋಸುವ ಸ್ಟ್ರೇನರ್ ಕಟ್ಟುತ್ತದೆ. ರಬ್ಬರ್ ಪ್ಯಾಕಿಂಗಿಗೆ ಪೂರ್ತಿ ಬಳಿದರೆ ಅದು ಸಾಬೂನಿನ ಹಾಗೆ ಜಾರಿ ಹೊರಬರುತ್ತದೆ. ಮೂಲೆಗಳಿಗೆ, ಎರಡು ಭಾಗ ಕೂಡುವಲ್ಲಿಗೆ ಮಾತ್ರ ಹಾಕಿ, ಆಯಿಲ್ ತುಂಬುವ ಮುಂಚೆ ಒಂದು ದಿನ ಬಿಡಿ. ಅದು ಗಟ್ಟಿಯಾಗುವುದು ಗಾಳಿಯ ತೇವದಿಂದ. ಕರಾವಳಿಯಲ್ಲಿ ಅದಕ್ಕೇನು ಬರವೇ? ಆದರೆ ಅದೇ ತೇವಕ್ಕೆ, ಉಜ್ಜಿ ಬೆಳಗಿಸಿದ ಬೀಡುಕಬ್ಬಿಣದ ಇಂಜಿನ್ ಬ್ಲಾಕಿನ ಮುಖ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ಅಂಟಿಸುವ ಗಳಿಗೆಯಲ್ಲೇ ಒರೆಸಿ.

ಆಯಿಲ್ ಪ್ರೆಷರ್ ಸ್ವಿಚ್, ಡ್ರೈನ್ ಬೋಲ್ಟಿನ ವಾಷರ್, ಫಿಲ್ಟರಿನಡಿ ಅಂಟಿ ಉಳಿದ ಹಳೇ ರಬ್ಬರ್: ಇವನ್ನೂ ನೋಡಿ, ಐದು ನಿಮಿಷದ ಕೆಲಸ.

ಮೇಲೆಲ್ಲ ಪೌಡರ್ ಒಣಗೇ ಇದ್ದು ಗೇರ್‌ಬಾಕ್ಸ್ ಸಂದಿಯಲ್ಲಿ ಮಾತ್ರ ಆಯಿಲ್ ಕಂಡರೆ, ಆಗ ಕ್ರ್ಯಾಂಕ್ ಸೀಲ್. ಹಳೇ ಸೀಲ್ ಕ್ರ್ಯಾಂಕಿನಲ್ಲಿ ಗೀರು ಕೊರೆದಿದ್ದರೆ ಹೊಸದನ್ನು ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸಬೇಕು. ಕ್ಲಚ್ ಪ್ಲೇಟ್ ಆಯಿಲ್ ಕುಡಿದಿದ್ದರೆ ಅದಕ್ಕೂ ದುಡ್ಡು ತೆಗೆದಿಡಿ. ಅಲ್ಲಿವರೆಗೆ ಕಾರಿನಡಿ ಒಂದು ರಟ್ಟು ಹಾಸಿ, ಬೊಟ್ಟಿನ ಸುತ್ತ ದಿನಾ ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಗ್ಯಾರೇಜಿಗೆ ಹೋಗುವಾಗ ಆ ರಟ್ಟೂ ಜೊತೆಗಿರಲಿ; ಸೋರಿಕೆಯ ಜಾತಕ ಅದರಲ್ಲೇ ಉಂಟು.